ಬಾಟಲಿ ಮೇಲಿನ ಗಿರಿಜತ್ತೆ

ಯುಗಾದಿ ಕಳೆದ ಹೊಸದರಲ್ಲಿ ತಿಪಟೂರಿನ ಸೂಪರ್ ಮಾರ್ಕೆಟ್ಟೊಂದರಲ್ಲಿ ನಮ್ಮ ಗಿರಿಜತ್ತೆ ಸಿಕ್ಕರು. ಶಾಂಪೂ ಪಕ್ಕದ ಶೆಲ್ಫಿನಲ್ಲಿ. ಒಬ್ಬರಲ್ಲ, ಒಂದು ಸಾಲು ಪೂರ್ತಿ ಗಿರಿಜತ್ತೆಯರು. ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು.

ಕೊಬ್ಬರಿ ಎಣ್ಣೆಯ ಬಾಟಲಿಗಳು. ಲೇಬಲ್ ತುಂಬ ಅತ್ತೆಯ ಮುಖ. ಎದುರಿಗೆ ಒರಳು, ಕೈಯಲ್ಲಿ ಒನಕೆ. ಕೆಳಗೆ ದಪ್ಪ ಅಕ್ಷರದಲ್ಲಿ, ‘ನಮ್ಮೂರ ಅಜ್ಜಿ ಕೈಯಾರೆ ತೆಗೆದ ಎಣ್ಣೆ’.

ನಾನು ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತೆ. ಗಿರಿಜತ್ತೆ ನನ್ನ ಅಪ್ಪನ ತಂಗಿ. ಹೊನ್ನವಳ್ಳಿಯಲ್ಲಿ ಅವರ ಮನೆ, ಸುತ್ತ ತೆಂಗಿನ ತೋಟ. ಅಟ್ಟದ ಮೇಲೆ ಒಣಗಿದ ಕೊಬ್ಬರಿ ನೇರ ಮಾರ್ಕೆಟ್ಟಿಗೆ ಹೋಗುತ್ತದೆ. ಆ ಮನೆಯಲ್ಲಿ ಯಾರೂ ಎಣ್ಣೆ ತೆಗೆದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. (ತಲೆಗೆ ಹಚ್ಚುವ ಎಣ್ಣೆ ಮುಗಿದರೆ, ‘ಬರೋವಾಗ ಒಂದ್ ಬಾಟ್ಲಿ ಹಿಡ್ಕಂಬಾರೇ’ ಅಂತ ನನಗೇ ಫೋನ್ ಮಾಡುವವರು ಅವರು.) ಅಷ್ಟಕ್ಕೂ ಒರಳಲ್ಲಿ ಕುಟ್ಟಿದರೆ ಚಟ್ನಿಪುಡಿ ಬರುತ್ತದೆ. ಎಣ್ಣೆ ಬರುತ್ತದೆಯೇ?

ಅಲ್ಲಿಂದಲೇ ಫೋನ್ ಮಾಡಿದೆ.

‘ಬಂತಾ ಅಂಗಡಿಗೆ? ಹೆಂಗ್ ಕಾಣ್ತೀನಿ?’ ಅತ್ತೆಯ ಮೊದಲ ಪ್ರಶ್ನೆಯೇ ಅದು!

ಆಮೇಲೆ ಕಥೆ ಗೊತ್ತಾಯಿತು. ಸಂಕ್ರಾಂತಿ ಹೊತ್ತಿಗೆ ಬೆಂಗಳೂರಿನ ಎಣ್ಣೆ ಕಂಪನಿಯವರು ತೋಟ ನೋಡೋಕೆ ಬಂದಿದ್ದರಂತೆ. ಅತ್ತೆಯ ನಗು ಅವರಿಗೆ ಹಿಡಿಸಿತಂತೆ. ‘ಒಂದು ಫೋಟೋ ತೆಗೆದು ಬಾಟಲಿ ಮೇಲೆ ಹಾಕ್ಕೊಳ್ಳಲಾ?’ ಅಂದರಂತೆ. ಅತ್ತೆ ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದರೆ, ‘ಅಯ್ಯೋ, ಹಳೇ ಕಾಟನ್ ಸೀರೆ ಇಲ್ವಾ?’ ಅಂದರಂತೆ. ವಾಚು ಬಿಚ್ಚಿಸಿದರು. ಒರಳು ಒನಕೆ ಅವರೇ ಕಾರಿನಲ್ಲಿ ತಂದಿದ್ದರು. ಏನು ಬರೆಯುತ್ತಾರೆ ಅಂತ ಅತ್ತೆ ಕೇಳಲಿಲ್ಲ. ಅವರೂ ಹೇಳಲಿಲ್ಲ.

‘ಅತ್ತೆ, ನೀವು ಕೈಯಾರೆ ಎಣ್ಣೆ ತೆಗೀತೀರಿ ಅಂತ ಬರೆದಿದ್ದಾರಲ್ಲ?’

‘ಬುಡೇ ಅತ್ಲಾಗೆ. ಯಾರ್ ಓದ್ತಾರೆ ಅದನ್ನ?’

ನಾನೂ ಒಂದು ಬಾಟಲಿ ಬುಟ್ಟಿಗೆ ಹಾಕಿಕೊಂಡೆ. ಸತ್ಯ ಹೇಳಬೇಕೆಂದರೆ ನಮಗೆಲ್ಲ ಅದೊಂದು ಖುಷಿಯೇ ಆಗಿತ್ತು. ಮನೆಯವರ ಮುಖ ಬಾಟಲಿ ಮೇಲೆ ಬರುವುದು ದಿನಾ ಆಗುವ ಸಂಗತಿಯೇ? ಮದುವೆ ಮನೆಗಳಲ್ಲಿ ಅತ್ತೆಯ ಜೊತೆ ಸೆಲ್ಫಿ ಶುರುವಾಯಿತು. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು. ‘ನೀವೇ ತೆಗೆಯೋದಾ?’ ಅಂತ ಒಬ್ಬಿಬ್ಬರು ಕೇಳಿದಾಗ ಅತ್ತೆ ‘ಹೂಂ’ ಅಂತ ಎಳೆದು ಮಾತು ಬದಲಿಸಿದರಂತೆ. ಮಾವ ಮಾತ್ರ, ‘ಸೆಲೆಬ್ರಿಟಿಗಳೇ, ಇವತ್ತು ಸಾರು ಉಂಟೋ ಇಲ್ವೋ?’ ಅಂತ ರೇಗಿಸುತ್ತಿದ್ದರು.

ಎಲ್ಲ ಚೆನ್ನಾಗಿಯೇ ಇತ್ತು, ದಂಡಿನಶಿವರದ ಶಾಂತಮ್ಮ ಬರುವವರೆಗೆ.

ಆ ಭಾನುವಾರ ನಾನೂ ಅಲ್ಲಿದ್ದೆ. ಬಿಸಿಲಲ್ಲಿ ಬಸ್ಸು ಬದಲಿಸಿಕೊಂಡು, ದಾರಿ ಕೇಳಿಕೊಂಡು ಆಕೆ ಬಂದಿದ್ದರು. ಬಾಟಲಿ ಮೇಲಿನ ಅಜ್ಜಿ ಹೊನ್ನವಳ್ಳಿಯವರು ಅಂತ ಯಾವುದೋ ಮದುವೆ ಮನೆಯಲ್ಲಿ ಯಾರೋ ಹೇಳಿದ್ದರಂತೆ. ಕೈಚೀಲದಲ್ಲಿ ಅದೇ ಬಾಟಲಿ. ಮಗಳು ಬಾಣಂತಿ. ಕೂಸಿನ ಮೈಮೇಲೆ ಕೆಂಪು ಗಂದೆ ಎದ್ದಿವೆಯಂತೆ.

‘ಅಂಗಡಿಯಿಂದ ತಂದು ಹಚ್ಚಿದ್ವಿ ಕಣ್ರಮ್ಮ. ಕಮ್ಮಿ ಆಗ್ಲಿಲ್ಲ. ಬಾಟ್ಲೀದು ಹಳೇದಿರ್ಬೋದು, ಅಜ್ಜಿ ಹತ್ರಾನೇ ಹೊಸಾದು ತರಾಣ ಅಂತ ಬಂದೆ. ಹಸುಗೂಸಿಗೆ ಹಚ್ಬೋದು ಅಲ್ವಾ? ಮಾಡೋರು ನೀವು, ನೀವೇ ಹೇಳಿ.’

ಅತ್ತೆ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ಒಂದು ‘ಹೂಂ’ ಸಾಕಿತ್ತು. ಒಳಗಿದ್ದ ಅಂಗಡಿ ಎಣ್ಣೆಯನ್ನೇ ಸೀಸೆಗೆ ಬಗ್ಗಿಸಿ ಕೊಟ್ಟಿದ್ದರೂ ಆಕೆ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

‘ತಾಯಿ, ಅದು ನಾನು ಮಾಡಿದ್ದಲ್ಲ. ನನಗೆ ಎಣ್ಣೆ ತೆಗೆಯೋಕೇ ಬರಲ್ಲ’ ಅಂದರು ಅತ್ತೆ.

ಶಾಂತಮ್ಮನಿಗೆ ಅರ್ಥವಾಗಲಿಲ್ಲ. ಬಾಟಲಿ ನೋಡಿದರು, ಅತ್ತೆಯನ್ನು ನೋಡಿದರು. ‘ಫೋಟೋ ನಿಮ್ಮದೇ ಅಲ್ವಾ?’

‘ಫೋಟೋ ನಂದೇ. ಮಾತು ನಂದಲ್ಲ.’

ಆಕೆ ಬೈದಿದ್ದರೆ ಚೆನ್ನಾಗಿತ್ತೇನೋ. ಬೈಯಲಿಲ್ಲ. ‘ನಗ್ತಾ ಇದ್ರಲ್ಲ, ಅದಕ್ಕೇ ನಂಬಿದೆ’ ಅಂತ ಮೆಲ್ಲಗೆ ಅಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. ಅತ್ತೆ ಬಲವಂತ ಮಾಡಿ ಊಟಕ್ಕೆ ಕೂರಿಸಿದರು. ಎಣ್ಣೆ ಗಿಣ್ಣೆ ಬಿಟ್ಟು ಮೊದಲು ಕೂಸನ್ನು ಡಾಕ್ಟರಿಗೆ ತೋರಿಸಿ ಅಂದರು. (ತೋರಿಸಿದರು. ಬೆವರುಸಾಲೆಯಂತೆ. ಕೂಸು ಈಗ ಗುಂಡಗಿದೆ, ಗಾಬರಿ ಬೇಡ.)

ಶಾಂತಮ್ಮ ಬಸ್ ಹತ್ತಿದ್ದೇ ತಡ, ಅತ್ತೆ ಹೇಳಿದರು, ‘ಫೋನ್ ಮಾಡೇ ಆ ಕಂಪ್ನಿ ನಂಬರ್ರಿಗೆ.’

ನಾನು ತಂದುಕೊಟ್ಟಿದ್ದ ಬಾಟಲಿಯ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಬಂದಳು.

‘ನಾನು ನಿಮ್ಮ ಬಾಟ್ಲಿ ಮೇಲಿರೋಳು ಮಾತಾಡ್ತಿರೋದು’ ಅಂದರು ಅತ್ತೆ.

‘ಬಾಟಲಿ ಮೇಲಿರೋ ಬ್ಯಾಚ್ ನಂಬರ್ ಹೇಳ್ತೀರಾ ಮೇಡಂ?’

‘ನಂಬರ್ ಅಲ್ಲ ಕಣಮ್ಮ, ನಾನೇ! ನಾನೇ ಬಾಟ್ಲಿ ಮೇಲಿರೋಳು!’

ಹುಡುಗಿಯ ಕಂಪ್ಯೂಟರಿನಲ್ಲಿ ಅಂಥ ಕಂಪ್ಲೇಂಟಿಗೆ ಜಾಗವೇ ಇರಲಿಲ್ಲ ಅಂತ ಕಾಣುತ್ತದೆ. ಆದರೆ ಮುಂದಿನ ವಾರ ಮಾರ್ಕೆಟಿಂಗ್ ಮ್ಯಾನೇಜರ್ ಖುದ್ದು ಕಾರಿನಲ್ಲಿ ಬಂದಿಳಿದ. ನಿಖಿಲ್ ಅಂತ. ಕೈಯಲ್ಲಿ ರಿಬ್ಬನ್ ಕಟ್ಟಿದ ಬುಟ್ಟಿ. ಬುಟ್ಟಿಯಲ್ಲಿ ಅತ್ತೆಯದೇ ಮುಖದ ಬಾಟಲಿಗಳು. ಒಳ್ಳೆಯ ಹುಡುಗ, ಬಂದವನೇ ಅತ್ತೆಯ ಕಾಲಿಗೆ ಬಿದ್ದ. (ಬಾಟಲಿ ಮೇಲೆ ಅಜ್ಜಿ, ಎದುರಿಗೆ ಆಂಟಿ!)

‘ಆಂಟಿ, ಇದನ್ನ ಸ್ಟೋರಿಟೆಲ್ಲಿಂಗ್ ಅಂತೀವಿ. ಎಮೋಷನಲ್ ಕನೆಕ್ಟ್. ಎಲ್ಲ ಬ್ರ್ಯಾಂಡ್‌ನೋರೂ ಹೀಗೇ ಮಾಡೋದು. ಜನಕ್ಕೂ ಗೊತ್ತಿರುತ್ತೆ.’

‘ದಂಡಿನಶಿವರದ ಆಯಮ್ಮಂಗೆ ಗೊತ್ತಿರ್ಲಿಲ್ವಲ್ಲಪ್ಪ.’

ನಿಖಿಲ್ ತಲೆ ಕೆರೆದುಕೊಂಡ. ಆಮೇಲೆ ಅವನಿಗೊಂದು ಐಡಿಯಾ ಹೊಳೆಯಿತು. ‘ಆಂಟಿ, ಒಂದು ಕೆಲಸ ಮಾಡಿ. ನಮ್ಮ ಫ್ಯಾಕ್ಟರಿಗೆ ಬಂದು ಒಂದು ಸಲ ಮಷೀನ್ ಸ್ವಿಚ್ ಒತ್ತಿಬಿಡಿ. ಆಗ ಕೈಯಾರೆ ತೆಗೆದದ್ದು ಅನ್ನೋದು ಟೆಕ್ನಿಕಲಿ ಸರಿ ಹೋಗುತ್ತೆ.’

ಮಾವ ಕಾಫಿ ಕುಡಿಯುತ್ತಿದ್ದವರು ಕೆಮ್ಮತೊಡಗಿದರು.

‘ನೋಡಪ್ಪ, ಇವ್ರು ದಿನಾ ಬೆಳಿಗ್ಗೆ ಮಿಕ್ಸಿ ಸ್ವಿಚ್ ಹಾಕ್ತಾರೆ’ ಅಂದರು ಅತ್ತೆ, ಮಾವನ ಕಡೆ ಕೈ ತೋರಿಸಿ. ‘ಹಂಗಂತ ಚಟ್ನಿ ಇವ್ರು ಮಾಡಿದ್ದು ಅಂದ್ರೆ ನಾನು ಒಪ್ತೀನಾ?’

ನಗಬಾರದು ಅಂದುಕೊಂಡರೂ ನಿಖಿಲ್‌ಗೆ ನಗು ಬಂತು. ನಾವೆಲ್ಲ ನಕ್ಕೆವು. ಅತ್ತೆ ಕೊಬ್ಬರಿ ಮಿಠಾಯಿ ತಟ್ಟೆ ಅವನ ಮುಂದೆ ಸರಿಸಿದರು. ಅವನು ಒಂದು ಚೂರು ಬಾಯಿಗಿಟ್ಟುಕೊಂಡ ಮೇಲೆ ಕೇಳಿದರು, ‘ನಿಮ್ಮ ಎಣ್ಣೆ ಚೆನ್ನಾಗಿಲ್ವಾ?’

‘ಫಸ್ಟ್ ಕ್ಲಾಸ್ ಆಂಟಿ! ಕಲಬೆರಕೆ ಇಲ್ಲ, ಲ್ಯಾಬ್ ಟೆಸ್ಟ್ ಎಲ್ಲ ಪಾಸ್.’

‘ಮತ್ತೆ ಒಳ್ಳೇ ಎಣ್ಣೆ ಮಾರೋಕೆ ಸುಳ್ಳ್ಯಾಕಪ್ಪ ಬೇಕು?’

ನಿಖಿಲ್ ಬಾಯಲ್ಲಿ ಮಿಠಾಯಿ ಇತ್ತು, ಬಚಾವಾದ.

ಅತ್ತೆ ಕೇಳಿದ್ದು ದೊಡ್ಡದೇನಲ್ಲ. ಫೋಟೋ ಇರಲಿ, ಆ ಒಂದು ಸಾಲು ತೆಗೆಯಿರಿ. ‘ಇವರು ತೆಂಗು ಬೆಳೆಯೋರು, ಎಣ್ಣೆ ಮಿಲ್ಲಿನದು’ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ‘ಹಾಗೆ ಬರೆದ್ರೆ ಯಾರು ಕೊಂಡ್ಕೋತಾರೆ ಆಂಟಿ?’ ಅಂದ ನಿಖಿಲ್. ‘ನಾನು ಕೊಂಡ್ಕೋತೀನಿ’ ಅಂದರು ಅತ್ತೆ. ಬಾಸ್ ಹತ್ತಿರ ಮಾತಾಡುತ್ತೇನೆ ಅಂತ ಹೇಳಿ, ಮಿಠಾಯಿ ಕಟ್ಟಿಸಿಕೊಂಡು ಹೋದ.

ಅಲ್ಲಾ ಸ್ವಾಮಿ, ನಾವೆಲ್ಲ ಇದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆ ನೋಡಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಹೊಲ, ಹಾಲಿನ ಪೌಡರಿನ ಡಬ್ಬದ ಮೇಲೆ ನಗುವ ಹಸು. ಸುಳ್ಳು ಅಂತ ನಮಗೆ ಅನ್ನಿಸುವುದೇ ಇಲ್ಲ. ಡಿಸೈನ್ ಅನ್ನಿಸುತ್ತದೆ. ಎಥಿಕ್ಸ್ ಬಗ್ಗೆ ಕಂಪನಿಗಳು ದೊಡ್ಡ ಹೋಟೆಲಿನಲ್ಲಿ ಟ್ರೈನಿಂಗ್ ಕೊಡಿಸುತ್ತವಂತೆ. ನಂಬಿದವರೊಬ್ಬರು ಬಸ್ಸಿಳಿದು ಎದುರಿಗೆ ನಿಂತರೆ ಏನು ಹೇಳಬೇಕು ಅಂತ ಅಲ್ಲಿ ಕಲಿಸುತ್ತಾರಾ? ಹೇಳಬೇಕಾಗಿ ಬಂದದ್ದು ಬಾಸ್‌ಗಲ್ಲ, ನಿಖಿಲ್‌ಗೂ ಅಲ್ಲ, ನಮ್ಮ ಅತ್ತೆಗೆ.

ಮೊನ್ನೆ ಹೊನ್ನವಳ್ಳಿಗೆ ಹೋಗಿದ್ದಾಗ ನಿಖಿಲ್‌ನಿಂದ ನನ್ನ ಫೋನಿಗೆ ಹೊಸ ಲೇಬಲ್ ಬಂತು. ‘ಆಂಟಿಗೆ ತೋರಿಸಿ, ಪ್ರಾಬ್ಲಂ ಸಾಲ್ವ್ಡ್’ ಅಂತ ಬರೆದಿದ್ದ. ಲೇಬಲ್ಲಿನಿಂದ ಅತ್ತೆ ಹೋಗಿದ್ದರು. ಅವರ ಜಾಗದಲ್ಲಿ ಬೆಳ್ಳಿ ಕೂದಲಿನ, ಕೆನ್ನೆಯಲ್ಲಿ ಗುಳಿ ಬೀಳುವ ಬೇರೊಬ್ಬ ಅಜ್ಜಿ. ಸಾಲು ಮಾತ್ರ ಅದೇ, ‘ಕೈಯಾರೆ ತೆಗೆದ ಎಣ್ಣೆ’.

ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ‘ಪಾಪ ಕಣೇ, ಯಾವೂರೋಳೋ ಏನೋ. ನಂಬರ್ ಕೇಳು. ಒಂದ್ ಮಾತು ಹೇಳ್ಬುಡಾಣ.’

ಕೇಳಿದೆ. ತಕ್ಷಣ ಉತ್ತರ ಬಂತು. ‘ಈ ಅಜ್ಜಿ ಯಾರೂ ಅಲ್ಲ ಮೇಡಂ. ಎಐ. ಕಂಪ್ಯೂಟರಿನಲ್ಲಿ ಮಾಡಿಸಿದ್ದು.’

ಅತ್ತೆಗೆ ಬಿಡಿಸಿ ಹೇಳಬೇಕಾಯಿತು. ಅರ್ಥವಾದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೆರಗಿನಿಂದ ಒರೆಸಿಕೊಳ್ಳುತ್ತಾ ಹೇಳಿದರು:

‘ಒಂದ್ ಸಾಲು ಅಳಿಸೋಕಾಗ್ದೆ, ಒಬ್ಬ ಅಜ್ಜೀನೇ ಹುಟ್ಟಿಸ್ಬುಟ್ರಲ್ಲೇ!’