ಖಾಲಿ ತೊಟ್ಟಿಲು ತೂಗಬಾರದು

ಮೂವತ್ತೆರಡು ವರ್ಷ ಸರ್ಕಾರಿ ನರ್ಸಾಗಿ ದುಡಿದವಳು ನಾನು. ಬಾಣಂತಿಯ ತಲೆದಿಂಬಿನ ಕೆಳಗಿನಿಂದ ಕುಡುಗೋಲು ತೆಗೆಸಿದ್ದೇನೆ. ಎಳೆಮಗುವಿನ ಹೊಟ್ಟೆಗೆ ಬರೆ ಹಾಕಲು ಕಾಸುತ್ತಿದ್ದ ಬಳೆಯನ್ನು ಕಿತ್ತು ಚರಂಡಿಗೆ ಎಸೆದಿದ್ದೇನೆ. ಚನ್ನಪಟ್ಟಣದ ಬೀದಿಗಳಲ್ಲಿ ‘ಸರಸಮ್ಮ ಬಂದ್ಲು’ ಎಂದರೆ ಸಾಕು, ಅತ್ತೆಯಂದಿರು ತಾಯತ ಬಚ್ಚಿಡುತ್ತಿದ್ದರು. ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತೇನೆಂದರೆ, ವಜೀರಾಳ ಕತೆ ಕೇಳಿ ‘ಈ ಮುದುಕಿಗೂ ಅರಳುಮರಳು’ ಎಂದು ನೀವು ನಗಬಾರದು. ನಗುವುದಿದ್ದರೆ ಪೂರ್ತಿ ಕೇಳಿಕೊಂಡು ನಗಿ.

ವಜೀರಾ ತೊಟ್ಟಿಲು ಮಾಡುವವಳು. ಮಗು ಮಲಗಿಸುವ ತೊಟ್ಟಿಲಲ್ಲ, ಗೇಣುದ್ದದ ಹರಕೆ ತೊಟ್ಟಿಲು. ನಮ್ಮೂರಿನಿಂದ ಮೈಸೂರಿನ ಕಡೆ ಹೊರಟರೆ ರಸ್ತೆ ಬದಿಯಲ್ಲೇ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಗುಡಿ. ಮಕ್ಕಳಿಲ್ಲದವರು ಹರಕೆ ಹೊತ್ತು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಗುಡಿಯ ಮುಂದಿನ ಅಂಗಡಿಯೊಂದಕ್ಕೆ ತೊಟ್ಟಿಲು ಹೋಗುತ್ತಿದ್ದದ್ದು ಈ ವಜೀರಾಳ ಮನೆಯಿಂದ. ಮುಂದಿನ ಕೋಣೆಯಲ್ಲಿ ಕರೆಂಟಿನ ಲೇತ್ ಇತ್ತು. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತಿತ್ತು. ಗಂಡ ಮುಕ್ತಿಯಾರ್ ಕೂಡ ಮೊದಲು ಅದರ ಮುಂದೆಯೇ ಕೂರುತ್ತಿದ್ದ. ಪ್ಲಾಸ್ಟಿಕ್ ಗೊಂಬೆ ಬಂದು ಮರದ ಗೊಂಬೆ ಕೇಳುವವರಿಲ್ಲದಾದಾಗ ಬಿಡದಿಯ ಕಂಪನಿಯೊಂದಕ್ಕೆ ಕಾಂಟ್ರಾಕ್ಟ್ ಕೆಲಸಕ್ಕೆ ಹೋದ. ಜನ ಗೊಂಬೆ ಬಿಟ್ಟರೂ ಹರಕೆ ಬಿಡಲಿಲ್ಲವಾದ್ದರಿಂದ ಹೆಂಡತಿಯ ಕೆಲಸ ಉಳಿಯಿತು.

ಈ ಕೆಲಸದಲ್ಲಿ ಒಂದು ತೊಡಕಿದೆ. ತೊಟ್ಟಿಲು ಮುಗಿದ ಮೇಲೆ ಕೊಕ್ಕೆಗೆ ನೇತುಹಾಕಿ ತೂಗಿ ನೋಡಲೇಬೇಕು. ಒಂದು ಕಡೆ ವಾಲಿದರೆ ಅಂಗಡಿಯವನು ವಾಪಸ್ಸು ಕಳಿಸುತ್ತಾನೆ. ಆದರೆ ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಮಗುವಿಗೆ ಕೇಡು ಎಂಬ ಮಾತು ನಮ್ಮವರಲ್ಲೂ ಇದೆ, ಅವರ ಬೀದಿಯಲ್ಲೂ ಇದೆ. ವಜೀರಾ ದಿನಕ್ಕೆ ಹತ್ತು ಹನ್ನೆರಡು ಖಾಲಿ ತೊಟ್ಟಿಲು ತೂಗುತ್ತಿದ್ದಳು. ಅವಳ ಮೂರು ಮಕ್ಕಳು ಹೋದವು. ಎರಡು ಏಳನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ, ಒಂದು ಹುಟ್ಟಿದ ಮೂರನೆಯ ದಿನ. ಒಂದಕ್ಕೂ ಹೆಸರಿಡುವಷ್ಟು ಪುರುಸೊತ್ತು ಸಿಗಲಿಲ್ಲ.

“ಬಿಪಿ ಕಣಮ್ಮ ಇದು, ಬಿಪಿ” ಎಂದು ನಾನು ಬಡಕೊಂಡೆ. ಅತ್ತೆ ಗುಲ್ಜಾರ್ ಬೀ ಮಾತ್ರ ಉರಿಯುವ ಮನೆಯಲ್ಲಿ ಗಳ ಹಿರಿದಳು. “ದಿನಾ ಖಾಲಿ ತೊಟ್ಲು ತೂಗೋಳ ಮಡ್ಲು ಹೆಂಗ್ ತುಂಬ್ತೈತೆ?” ಎಂದುಬಿಟ್ಟಳು. ಆ ಮಾತು ವಜೀರಾಳ ಎದೆಗೆ ಹೊಕ್ಕಿತು. ನಾಲ್ಕು ತಿಂಗಳು ಲೇತ್ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ನಾನು ಹೋಗಿ ಬೈಯುತ್ತಿದ್ದೆ, ಬೈಯುವುದು ಬಿಟ್ಟರೆ ನನಗೆ ಬೇರೆ ಸಮಾಧಾನ ಮಾಡಲು ಬರುವುದಿಲ್ಲ.

ಒಂದು ದಿನ ಹೋದಾಗ ಲೇತಿನ ಸದ್ದು ಕೇಳಿತು. ಮರದಲ್ಲಿ ಹೆಬ್ಬೆರಳಿನಷ್ಟು ಉದ್ದದ ಏನನ್ನೋ ಕಡೆದಿದ್ದಳು. ತಲೆಯ ಜಾಗದಲ್ಲಿ ಒಂದು ಗುಂಡು, ಕೆಳಗೆ ಬಟ್ಟೆ ಸುತ್ತಿದಂತೆ ಉಬ್ಬಿದ ಮೈ. ಕಣ್ಣು ಮೂಗು ಇಲ್ಲ. ಬಣ್ಣವನ್ನೂ ಹಾಕಿರಲಿಲ್ಲ.

“ಇದೇನೇ?”

“ಮಗು ಕಣಕ್ಕ. ಇನ್ಮೇಲೆ ಇದುನ್ನ ಮಲಗ್ಸೇ ತೂಗ್ತೀನಿ.”

ಅದನ್ನು ತುಟಿಯ ಹತ್ತಿರ ಹಿಡಿದು ಬಿಸ್ಮಿಲ್ಲಾ ಎಂದಳು. ಆಮೇಲೆ ನನಗೆ ಕೇಳಿಸದಂತೆ ಒಂದು ಹೆಸರು ಹೇಳಿ ತೊಟ್ಟಿಲಲ್ಲಿ ಮಲಗಿಸಿದಳು. ತೂಗಿ, ಎತ್ತಿ, ದುಪಟ್ಟಾದ ಸೆರಗಿಗೆ ಗಂಟು ಹಾಕಿಕೊಂಡಳು. ನಾನು ಗೊಣಗಿದ್ದಕ್ಕೆ ಅವಳು ಹೇಳಿದ ಮಾತು ಇನ್ನೂ ನೆನಪಿದೆ: “ದುವಾ ಕೇಳಾಕೆ ಕೈ ಎತ್ತುದ್ರೆ ಖಾಲಿ ಕೈ ಕಾಣ್ತದಕ್ಕ, ಮಾತೇ ಬರಾಕಿಲ್ಲ. ಇದು ಕೈಲಿದ್ರೆ ಬತ್ತೈತೆ.” ಬೈಯಬೇಕೆಂದುಕೊಂಡವಳು ಚಹಾ ಕುಡಿದು ಎದ್ದು ಬಂದೆ. ಮಾತ್ರೆ ನುಂಗುತ್ತಿದ್ದಾಳೆ, ಅನ್ನ ತಿನ್ನುತ್ತಿದ್ದಾಳೆ, ಸಾಲದೆ?

ಎರಡು ಸಾವಿರದ ಎರಡರಲ್ಲಿ ನಾಲ್ಕನೆಯ ಬಸಿರು ಎಂಟು ತಿಂಗಳಿಗೆ ಮುಟ್ಟಿತು. ಅಷ್ಟು ದಿನ ನಾನು ನಿದ್ದೆಗೆಟ್ಟದ್ದು ನನ್ನ ಹೆರಿಗೆಯಲ್ಲೂ ಇಲ್ಲ. ಒಂದು ಬೆಳಿಗ್ಗೆ ಗುಲ್ಜಾರ್ ಬೀ ಬರಿಗಾಲಲ್ಲಿ ಓಡಿಬಂದಳು. “ನರ್ಸಮ್ಮಾ, ಬೇಗ ಬನ್ನಿ. ಮಗು ಒದೀತಿಲ್ವಂತೆ.”

ವಜೀರಾ ಲೇತಿನ ಕಾಲು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದಳು. ಸುತ್ತ ಮರದ ಹೊಟ್ಟು, ಅದರಲ್ಲೆಲ್ಲ ಕೈಯಾಡಿಸಿದ ಗುರುತು. ಮುಖ ಊದಿಕೊಂಡಿತ್ತು.

“ಅಕ್ಕ, ಕೂಸು ಹೋಗ್ಬುಡ್ತು” ಎಂದಳು. ಅವಳು ಹೇಳಿದ್ದು ಮರದ ಕೂಸಿನ ವಿಷಯ ಎಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಹಿಂದಿನ ದಿನ ಹನ್ನೆರಡು ತೊಟ್ಟಿಲು ಅಂಗಡಿಗೆ ಕಳಿಸಿದ್ದಳು. ಕೊನೆಯದನ್ನು ತೂಗಿದ ಮೇಲೆ ಕೂಸನ್ನು ಎತ್ತಿಕೊಳ್ಳಲು ಮರೆತಿದ್ದಳು. “ನೆನ್ನೆ ಸಂಜೆ ಅದು ಹೋಯ್ತು, ಆಗ್ಲಿಂದ ಹೊಟ್ಟೇಲಿರೋದೂ ಒದ್ದಿಲ್ಲ.”

ಬಿಪಿ ನೋಡಿದೆ. ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೊಟ್ಟೆಗೆ ಕೊಳವೆ ಇಟ್ಟು ಕಿವಿ ಹಚ್ಚಿದೆ. ಬಡಿತ ಸಿಕ್ಕಿತು, ಆದರೆ ಇರಬೇಕಾದ ಓಟ ಅದಕ್ಕಿರಲಿಲ್ಲ. ತಡಮಾಡಿದರೆ ಇದೂ ಹೋಗುತ್ತದೆ, ಇವಳೂ ಹೋಗಬಹುದು.

“ಏಳು, ಮಂಡ್ಯಕ್ಕೆ ಹೋಗ್ಬೇಕು. ಆಪರೇಷನ್ ಆಗ್ಬೇಕು.”

“ಅದು ಸಿಗೋಗಂಟ ನಾನ್ ಬರಾಕಿಲ್ಲ.”

ಬೈದೆ. ಗಲ್ಲ ಹಿಡಿದು ಬೇಡಿದೆ. ಗುಲ್ಜಾರ್ ಬೀ ಸೊಸೆಯ ಕಾಲು ಹಿಡಿದು, “ಅವತ್ತು ನಾನಂದಿದ್ದು ತಪ್ಪು ಕಣಮ್ಮ, ಎದ್ದೇಳು” ಎಂದು ಗೋಳಾಡಿದಳು. ವಜೀರಾ ಲೇತಿನ ಕಾಲು ಬಿಡಲಿಲ್ಲ. ಬಿಡದಿಗೆ ಫೋನ್ ಮಾಡಿದರೆ ಮುಕ್ತಿಯಾರ್ ಶಿಫ್ಟಿನಲ್ಲಿದ್ದಾನೆ, ಆಮೇಲೆ ಮಾಡಿ ಎಂದರು. ಕೊನೆಗೆ ನನಗೇ ಹೊಳೆಯಿತು: ಮಂಡ್ಯಕ್ಕೆ ಹೋಗುವ ದಾರಿಯಲ್ಲೇ ಗುಡಿ. “ಹುಡುಕ್ಕೊಂಡೇ ಹೋಗಣ, ಏಳು” ಎಂದೆ. ಎದ್ದಳು. ಅವಳು ಎದ್ದ ಜಾಗದಲ್ಲಿ ಹೊಟ್ಟಿನ ನಡುವೆ ಬೆರಳಿನಷ್ಟು ದಪ್ಪದ ಮರದ ತುಂಡೊಂದು ಬಿದ್ದಿತ್ತು. ಯಾರಿಗೂ ಕಾಣದಂತೆ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಕೂಸು ಸಿಗದೆ ಸುಳ್ಳು ಹೇಳಬೇಕಾಗಿ ಬಂದರೆ ಇರಲಿ ಎಂದು.

ಪಕ್ಕದ ಮನೆಯ ಶರೀಫನ ಓಮ್ನಿಯಲ್ಲಿ ಹೊರಟೆವು. ಮಳೂರಿನಲ್ಲಿ ನಾನು ಇಳಿದು ಓಡಿದೆ. ಅಂಗಡಿಯಲ್ಲಿ ಹನ್ನೊಂದು ತೊಟ್ಟಿಲಿದ್ದವು, ಎಲ್ಲ ಖಾಲಿ. ಹನ್ನೆರಡನೆಯದನ್ನು ಆಗಷ್ಟೇ ಒಬ್ಬಳು ಕೊಂಡು ಒಳಗೆ ಹೋದಳೆಂದು ಅಂಗಡಿಯವನು ಹೇಳಿದ. ಚಪ್ಪಲಿ ಎಲ್ಲಿ ಬಿಟ್ಟೆನೋ ಇವತ್ತಿಗೂ ಗೊತ್ತಿಲ್ಲ.

ಒಳಗೆ ತೊಟ್ಟಿಲುಗಳ ಸಾಲು, ಗಾಳಿಗೆ ಅಲ್ಲಾಡುವ ಖಾಲಿ ತೊಟ್ಟಿಲುಗಳು. ಎಷ್ಟೋ ಸಲ ನೋಡಿದ್ದೆ, ಅವತ್ತು ಮಾತ್ರ ಅವನ್ನು ನೋಡಿ ಹೆದರಿಕೆಯಾಯಿತು. ಕೆಳಗೆ ಒಬ್ಬ ಹೆಂಗಸು ಕೂತು ಅಳುತ್ತಿದ್ದಳು, ಬಲಗೈ ಮುಷ್ಟಿ ಬಿಗಿದಿತ್ತು. ಕೈಲಾಂಚ ಎಂಬ ಊರಿನವಳು, ಹೆಸರು ಲತಾಮಣಿ ಎಂದು ಪಕ್ಕದಲ್ಲಿದ್ದವರು ಹೇಳಿದರು. ಮದುವೆಯಾಗಿ ಎಂಟು ವರ್ಷ.

“ನಿನ್ ತೊಟ್ಲಲ್ಲಿ ಏನಾದ್ರೂ ಸಿಕ್ತೇನಮ್ಮ?”

ಅವಳು ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. “ಕೃಷ್ಣಪ್ಪ ನಂಗ್ ಕೊಟ್ಟವ್ನೆ. ಯಾರ್ ತೊಟ್ಲಾಗೂ ಇರ್ನಿಲ್ಲ, ನನ್ ತೊಟ್ಲಾಗೆ ಮಾತ್ರ ಇತ್ತು. ನಾನ್ ಕೊಡಾಕಿಲ್ಲ ಕಣಕ್ಕ.”

ಹೆರಿಗೆ ಮಾಡಿಸಿದ ಕೈ ನನ್ನದು, ಬೆರಳು ಬಿಡಿಸಿ ಕಿತ್ತುಕೊಳ್ಳುವ ಶಕ್ತಿ ಇತ್ತು. ಹೊರಗೆ ವ್ಯಾನಿನಲ್ಲಿ ಒಂದು ಮಗುವಿನ ಬಡಿತ ನಿಧಾನವಾಗುತ್ತಿದೆ ಎಂಬುದೂ ಗೊತ್ತಿತ್ತು. ಅವಳ ಮೊಣಕೈ ಹಿಡಿದೂಬಿಟ್ಟೆ. ಅವಳು ಕಿರುಚಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿದಳು. ವಜೀರಾ ಗೋಡೆಗೆ ಮುಖ ಮಾಡಿ ಕೂತಿದ್ದ ದಿನಗಳು ನೆನಪಾದವು. ಕೈ ಬಿಟ್ಟು ಹೊರಗೆ ಬಂದೆ.

ವ್ಯಾನು ಹೊರಟ ಮೇಲೆ ಚೀಲದಿಂದ ಆ ತುಂಡನ್ನು ತೆಗೆದು, “ಸಿಕ್ತು ನೋಡು” ಎಂದು ಅವಳ ಅಂಗೈಲಿಟ್ಟೆ. ವಜೀರಾ ಕಣ್ಣು ಬಿಡಲಿಲ್ಲ. ಹೆಬ್ಬೆರಳು ಅದರ ಮೇಲೆ ಒಂದು ಸಲ ಓಡಿತು.

“ಇದಲ್ಲ” ಎಂದಳು. ಅವಳ ಮುಖದಲ್ಲಿ ಅಷ್ಟಿಷ್ಟು ಉಳಿದಿದ್ದ ರಕ್ತವೂ ಇಳಿದುಹೋಯಿತು. ಪಕ್ಕದಲ್ಲಿ ಗುಲ್ಜಾರ್ ಬೀ ಗಟ್ಟಿಯಾಗಿ ಕಲ್ಮಾ ಹೇಳತೊಡಗಿದಳು. ನಾನು ಮಾಡಿದ್ದು ಎಂಥ ದಡ್ಡ ಕೆಲಸ ಎಂದು ಆಗ ಗೊತ್ತಾಯಿತು. ಮರದ ಕೆಲಸದವಳಿಗೆ ಮರದಲ್ಲಿ ಮೋಸ ಮಾಡಲು ಹೋಗಿದ್ದೆ! ಬೇರೆ ದಾರಿ ಕಾಣದೆ ನಿಜ ಹೇಳಿದೆ. ಕೈಲಾಂಚದವಳು, ಎಂಟು ವರ್ಷ, ಬಿಗಿದ ಮುಷ್ಟಿ, ಎಲ್ಲ.

ಎದುರಿನಿಂದ ಲಾರಿಗಳು ಮೈಮೇಲೇ ಬಂದಂತೆ ಬರುತ್ತಿದ್ದವು. ನನ್ನ ಕೈ ವಜೀರಾಳ ಹೊಟ್ಟೆಯ ಮೇಲಿತ್ತು. ಒಳಗೆ ಮಿಸುಕಾಟವಿಲ್ಲ.

“ಗಟ್ಟಿಯಾಗಿ ಹಿಡ್ಕೊಂಡಿದ್ಲಾ?”

“ಹೂಂ ಕಣೆ. ಬಿಡ್ಲೇ ಇಲ್ಲ.”

“ಹಂಗಾರೆ ಅದು ಬೀದಿ ಪಾಲಾಗಿಲ್ಲ” ಎಂದಳು. ಆಮೇಲೆ ನಾನು ಕೊಟ್ಟಿದ್ದ ತುಂಡನ್ನು ಉಗುರಿನಿಂದ ಕೆರೆಯಲು ಶುರುಮಾಡಿದಳು. ಉಳಿ ಇಲ್ಲ, ಲೇತ್ ಇಲ್ಲ. ಚೂಪಾದ ಅಂಚನ್ನು ವ್ಯಾನಿನ ಬಾಗಿಲಿನ ತಗಡಿಗೆ ತಿಕ್ಕಿದಳು, ದುಪಟ್ಟಾದಿಂದ ಉಜ್ಜಿದಳು. ನೋವು ಬಂದಾಗ ನಿಲ್ಲಿಸಿ ಮತ್ತೆ ಉಜ್ಜಿದಳು. ಮದ್ದೂರು ದಾಟುವಾಗ ಅದನ್ನು ತುಟಿಗೆ ಹಿಡಿದು ಬಿಸ್ಮಿಲ್ಲಾ ಎಂದಳು. ಹೆಸರು ಈ ಸಲ ನನಗೂ ಕೇಳಿಸಿತು. ಕೆಹಕಶಾನ್.

ಆಗ ಹೊಟ್ಟೆಯಲ್ಲಿದ್ದದ್ದು ಒದೆಯಿತು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಒದೆಯಲಿಲ್ಲ. ಮಂಡ್ಯದಲ್ಲಿ ಹೊಟ್ಟೆ ಕೊಯ್ದು ತೆಗೆದಾಗ ಮಗು ಅಳಲೂ ಇಲ್ಲ. ಬಾಗಿಲ ಹೊರಗೆ ನಾನೂ ಗುಲ್ಜಾರ್ ಬೀಯೂ ಒಬ್ಬರ ಕೈಯೊಬ್ಬರು ಹಿಡಿದು ನಿಂತಿದ್ದೆವು. ಅವಳು ಅವಳ ದೇವರನ್ನು, ನಾನು ನನಗೆ ಗೊತ್ತಿದ್ದ ಎಲ್ಲ ದೇವರನ್ನೂ ಕರೆದೆವು. ಬಹಳ ಹೊತ್ತಿಗೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು. ಹೆಣ್ಣು, ಒಂದು ಕಿಲೋ ಎಂಟುನೂರು ಗ್ರಾಂ.

ಲತಾಮಣಿಗೆ ಆಮೇಲೆ ಮಗುವಾಯಿತೋ ಇಲ್ಲವೋ ತಿಳಿಯದು. ಕೈಲಾಂಚದ ಕಡೆ ನನಗೆ ಡ್ಯೂಟಿ ಇರಲಿಲ್ಲ. ಆದರೆ ವಜೀರಾ ಅಂದಿನಿಂದ ಪ್ರತಿ ತೊಟ್ಟಿಲಿಗೂ ಒಂದೊಂದು ಕೂಸು ಕಡೆಯುತ್ತಾಳೆ. ಒಂದೊಂದಕ್ಕೂ ಬೇರೆ ಹೆಸರು ಹೇಳಿ, ಮಲಗಿಸಿ, ತೂಗಿ, ಹಾಗೇ ಕಳಿಸುತ್ತಾಳೆ.

ಎರಡು ಸಾವಿರದ ಒಂಬತ್ತರಲ್ಲಿ, ರಿಟೈರಾದ ಮೇಲೆ, ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿದ್ದೆ. ಮಾತಾಡುತ್ತಾ ಕೊಕ್ಕೆಯಲ್ಲಿದ್ದ ತೊಟ್ಟಿಲನ್ನು ಬೆರಳಿನಿಂದ ಸುಮ್ಮನೆ ತಳ್ಳಿದೆ.

“ಅಕ್ಕಾ!”

ವಜೀರಾ ಹಾರಿ ಬಂದು ಹಿಡಿದು ನಿಲ್ಲಿಸಿದಳು. ತೊಟ್ಟಿಲು ಖಾಲಿಯಿತ್ತು. ಕೆಹಕಶಾನ್ ಸ್ಕೂಲಿನಲ್ಲಿದ್ದಳು. ಸ್ಕೂಲು ಮೈಸೂರು ರಸ್ತೆಯ ಆಚೆ. ರಸ್ತೆ ಈಗ ನಾಲ್ಕು ಪಥದ್ದಾಗಿದೆ, ನಾಲ್ಕು ಗಂಟೆಗೆ ಬಿಡದಿಯ ಕಂಪನಿ ಬಸ್ಸುಗಳು ಕಣ್ಣು ಮುಚ್ಚಿಕೊಂಡು ಓಡುತ್ತವೆ.

“ಏಳು ವರ್ಷ ಆಯ್ತಲ್ಲೇ, ಇನ್ನೂ ಹೆದ್ರಿಕೇನಾ?” ಎಂದೆ, ನನ್ನ ತಪ್ಪು ಮುಚ್ಚಿಕೊಳ್ಳಲು.

“ಹೆದ್ರಿಕೆ ಎಲ್ಲೋಯ್ತದಕ್ಕ. ಆದ್ರೆ ಈ ತೊಟ್ಲು ತಗೊಳ್ಳೋರು ನನಗಿಂತ ಹೆದ್ರಿರ್ತಾರೆ. ಹೆದ್ರಿರೋರ ಕೈಗೆ ಖಾಲಿದು ಕೊಡಬಾರ್ದು.” ಲೇತ್ ಹಾಕಿ ಕೂತು ಕೂಸು ಕಡೆಯತೊಡಗಿದಳು. ಕಡೆಯುತ್ತಾ ಕಡೆಯುತ್ತಾ ಅವಳ ಮುಖ ತಿಳಿಯಾಯಿತು.

ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಾಲ್ಕು ಹೊಡೆಯಿತು. ಬಾಗಿಲಿಗೆ ಹೋದೆ. ನಾಲ್ಕೂಕಾಲಾಯಿತು, ಬೀದಿಯ ತುದಿಗೆ ಹೋದೆ. ಎಲ್ಲ ಮಕ್ಕಳೂ ಬಂದರು, ಇವಳು ಬರಲಿಲ್ಲ. ರಸ್ತೆಯ ಕಡೆ ಒಂದು ಬಸ್ಸು ಕಿರ್ರೆಂದು ಬ್ರೇಕ್ ಹಾಕಿತು. ಯಾವ ಬೆರಳಿನಿಂದ ತೊಟ್ಟಿಲು ತಳ್ಳಿದ್ದೆನೋ ಅದನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತೆ.

ನಾಲ್ಕೂವರೆಗೆ ಕೆಹಕಶಾನ್ ಐಸ್‌ಕ್ಯಾಂಡಿ ಚೀಪುತ್ತಾ, ಬ್ಯಾಗು ನೆಲಕ್ಕೆ ಎಳೆಯುತ್ತಾ ಬಂದಳು. ಅವಳ ಬೆನ್ನಿಗೆ ಒಂದು ಗುದ್ದಿ, “ಎಲ್ಲಿ ಹಾಳಾಗೋಗಿದ್ದೆ ಇಷ್ಟೊತ್ತು?” ಎಂದು ಬೀದಿಯೆಲ್ಲ ಕೇಳುವಂತೆ ಕೂಗಾಡಿದೆ. ಹುಡುಗಿ ಅಳುತ್ತಾ ಒಳಗೆ ಓಡಿದಳು. ವಜೀರಾ ಹೊರಗೆ ಬಂದು ನನ್ನ ಮುಖ ನೋಡಿದಳು. ಆಗಷ್ಟೇ ಕಡೆದ, ಇನ್ನೂ ಬೆಚ್ಚಗಿದ್ದ ಕೂಸನ್ನು ನನ್ನ ಕೈಯಲ್ಲಿಟ್ಟು, “ಒಸಿ ಹೊತ್ತು ಹಿಡ್ಕೊಂಡು ಕೂತ್ಕಳಕ್ಕ” ಎಂದಳು.

ಹಿಡಿದುಕೊಂಡು ಕೂತೆ.