ಎತ್ತಿಗೆ ಅಂಜದ ಹಕ್ಕಿ

ಖಾನಾಪುರದ ಹೊಲವೊಂದರಲ್ಲಿ ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆ ಮೊಟ್ಟೆ ಇಟ್ಟಿತ್ತು. ಹೊಲದ ಯಜಮಾನರು ಅಷ್ಟು ಜಾಗ ಬಿಟ್ಟು ಸುತ್ತ ಎತ್ತು ಹೂಡಿ ರಂಟೆ ಹೊಡೆಯುತ್ತಿದ್ದರು. ನಾನು ಪಕ್ಷಿವೀಕ್ಷಕರ ನಿಯಮಗಳನ್ನು ಚಾಚೂತಪ್ಪದೆ ಪಾಲಿಸುವವನು. ಮಣ್ಣುಬಣ್ಣದ ಅಂಗಿ ತೊಟ್ಟು, ದೂರದ ಬದುವಿನ ಮೇಲೆ ದುರ್ಬೀನು ಹಿಡಿದು ಸದ್ದಿಲ್ಲದೆ ಕುಳಿತಿದ್ದೆ. ಆದರೂ ಹಕ್ಕಿ ಚೀರುತ್ತ ಮೊಟ್ಟೆ ಬಿಟ್ಟು ಹಾರಿತು. ಎತ್ತುಗಳು ಪಕ್ಕದಲ್ಲೇ ಹಾದಾಗ ಅದು ಕದಲಿರಲಿಲ್ಲ. ನನಗೆ ಸಿಟ್ಟೇ ಬಂತು.

"ಎತ್ತಿಗೆ ಅಂಜೂದಿಲ್ಲ, ನನಗ್ಯಾಕ ಅಂಜತೈತ್ರೀ?" ಎಂದು ಬದುವಿನ ಹತ್ತಿರ ಬಂದ ಯಜಮಾನರನ್ನು ಕೇಳಿದೆ.

"ನಾವು ಅದನ್ನ ನೋಡೂದಿಲ್ಲರೀ," ಎಂದರು ಅವರು. "ನೀವು ಮುಂಜಾನಿಂದ ಅದನ್ನ ನೋಡಾಕತ್ತೀರಿ."

ಬೆಳಗಾವಿಯಿಂದ ನೋಡಲೆಂದೇ ಬಂದವನು ದುರ್ಬೀನು ಚೀಲಕ್ಕೆ ತುರುಕಿ, ಬೆನ್ನು ತಿರುಗಿಸಿ ನಡೆದೆ. ಬಸ್ ಹತ್ತಿದ ಮೇಲೂ ಅದೇ ಗೊಂದಲ: ಹಕ್ಕಿ ಮೊಟ್ಟೆಗೆ ಮರಳಿತೋ ಇಲ್ಲವೋ, ತಿರುಗಿ ನೋಡದೆ ತಿಳಿಯುವುದು ಹೇಗೆ?