ಬಮ್ಮಿಗಟ್ಟಿಯ ಗುಳಿಗೆಯಲ್ಲಿ ಏನಿತ್ತು

ಮೊದಲು ಬಿಗಿದದ್ದು ದವಡೆ. ತುತ್ತು ಬಾಯಿಗಿಟ್ಟ ನನ್ನ ಗಂಡ ಅಗಿಯಲಾಗದೆ ನನ್ನತ್ತ ನೋಡಿದರು. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಆ ಸದ್ದಿಗೇ ಇಡೀ ಮೈ ಬಿಲ್ಲಿನಂತೆ ಬಾಗಿತು.

ಎಚ್ಚರ ತಪ್ಪಿರಲಿಲ್ಲ.

ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ನೋವೆಲ್ಲ ತಿಳಿಯುತ್ತಿತ್ತು, ಕೂಗಲು ಮಾತ್ರ ಬಾಯಿ ತೆರೆಯುತ್ತಿರಲಿಲ್ಲ.

ನಮ್ಮ ಮನೆಯವರು ಕಲಘಟಗಿಯಲ್ಲಿ ದರ್ಜಿ. ಮೈದುನ ಮಲ್ಲಪ್ಪ ಮತ್ತು ಓಣಿಯವರು ಅವರನ್ನು ಹೊರಸಿನ ಮೇಲೆಯೇ ಸರಕಾರಿ ಆಸ್ಪತ್ರೆಗೆ ಹೊತ್ತರು. ಡಾಕ್ಟರು ಇಂಜೆಕ್ಷನ್ ಕೊಟ್ಟು ಕಿಟಕಿ ಮುಚ್ಚಿಸಿದರು. ಅಂಗಾಲಿನಲ್ಲಿ ಮುಳ್ಳು ಚುಚ್ಚಿದ ಹಳೆಯ ಗಾಯವಿತ್ತು.

"ಟೆಟನಸ್ ಇರಬಹುದು. ಹುಬ್ಬಳ್ಳಿಗೆ ಒಯ್ಯಬೇಕಾಗತೈತಿ. ಗಂಟಲಿಗೆ ತೂತು ಮಾಡಿ ನಳಿಗಿ ಹಾಕಬೇಕಾಗಬಹುದು."

ಜೀಪಿಗೆ ಹೇಳಿ ಕಳಿಸಿದರು. ಆದರೂ ಡಾಕ್ಟರು ಮಂಚದ ಬಳಿಯಿಂದ ಕದಲಲಿಲ್ಲ. ಸೆಳೆತ ಮುಗಿದ ಮೇಲೆ ದವಡೆ ಪೂರ್ತಿ ಸಡಿಲವಾಗುತ್ತಿತ್ತು. ಟೆಟನಸ್ಸಿನಲ್ಲಿ ಹಾಗಾಗುವುದಿಲ್ಲವಂತೆ.

"ಇವರು ಏನರ ನಾಟಿ ಔಷಧ ತಗೋತಿದ್ರೇನ್ರಿ?"

ತೆಗೆದುಕೊಳ್ಳುತ್ತಿದ್ದರು. ಮಷಿನ್ ತುಳಿದು ತುಳಿದು ಮೊಣಕಾಲು ಹಿಡಿದಿದ್ದವು. ಬಮ್ಮಿಗಟ್ಟಿಯ ಚನ್ನಪ್ಪಜ್ಜ ಕೊಡುವ ಗುಳಿಗೆಯಿಂದಲೇ ಎರಡು ವರ್ಷ ನಡೆದಾಡಿದ್ದರು. ಹೊಸ ಗುಳಿಗೆ ತಂದು ಎರಡೇ ದಿನವಾಗಿತ್ತು.

"ಅದರಾಗ ಏನೈತಿ ಅಂತ ಗೊತ್ತಾಗಬೇಕು. ವಿಷ ಇದ್ರ ಇವರನ್ನ ಜೀಪಿನಾಗ ಅಲುಗಾಡಿಸಿದ್ರ ದಾರ್‍ಯಾಗ ಉಸಿರು ನಿಲ್ಲತೈತಿ. ಟೆಟನಸ್ ಇದ್ದು ಇಲ್ಲೇ ಇಟ್ಕೊಂಡ್ರೂ ಕಷ್ಟ."

ಮಲ್ಲಪ್ಪನ ಮೋಟರ್ ಸೈಕಲ್ಲಿನ ಹಿಂದೆ ಕೂತು ಬಮ್ಮಿಗಟ್ಟಿಗೆ ಹೋದೆ. ಅಜ್ಜ ಕಟ್ಟೆಯ ಮೇಲೆ ಬೇರು ಜಜ್ಜುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರ ಕೈ ನಿಂತಿತು.

"ಏನ್ ಹಾಕೇನಿ ಅಂತ ಮಾತ್ರ ಕೇಳಬ್ಯಾಡವಾ. ನಮ್ಮ ಮುತ್ಯಾ ನಮ್ಮಪ್ಪಗ ಹೇಳಿದ್ದು, ನಮ್ಮಪ್ಪ ನನಗ ಹೇಳಿದ್ದು. ಹೋದ ವರ್ಷ ಔಷಧ ಕಂಪನಿಯಾವ ಬಂದು ಇಲ್ಲೇ ಕುಂತಿದ್ದ. ಅವಗೂ ಹೇಳಲಿಲ್ಲ. ಇವತ್ತ ಡಾಕ್ಟರಗ ಹೇಳಿದ್ರ ನಾಳೆ ಶೀಷೆದಾಗ ತುಂಬಿ ಅಂಗಡ್ಯಾಗ ಇಡ್ತಾರ. ಆವಾಗ ಇಲ್ಲದವರು ಎಲ್ಲಿಗೆ ಹೋಗಬೇಕು?"

"ನಮ್ಮಣ್ಣ ಸಾಯಾಕತ್ತಾನ, ನೀವು ಮನಿತನದ ಮಾತು ಆಡ್ತೀರಿ!" ಮಲ್ಲಪ್ಪ ಕಟ್ಟೆ ಹತ್ತಿದ. ನಾನು ಅವನ ತೋಳು ಹಿಡಿದೆ.

ಅಜ್ಜ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮಿಂದ ಅವರು ಒಂದು ತೆಂಗಿನಕಾಯಿಗಿಂತ ಹೆಚ್ಚಿಗೆ ಎಂದೂ ಮುಟ್ಟಿರಲಿಲ್ಲ. ಅವರ ವಿದ್ಯೆ ಅವರದೇ. ಆದರೆ ಅದೀಗ ನನ್ನ ಗಂಡನ ಹೊಟ್ಟೆಯಲ್ಲಿತ್ತು.

"ಅಜ್ಜಾರ, ಎಷ್ಟು ಹಾಕ್ತೀರಿ, ಹೆಂಗ ಮಾಡ್ತೀರಿ, ಅದು ನಿಮ್ಮ ಕಡೇನ ಇರಲಿ. ನನಗ ಬ್ಯಾಡ. ಜೀವಕ್ಕ ಎರವಾಗೂದು ಅದರಾಗ ಏನೈತಿ, ಅಷ್ಟ ಹೇಳ್ರಿ."

ಒಳಗಿಂದ ಅವರ ಸೊಸೆ ಬಾಗಿಲಿಗೆ ಬಂದಳು.

"ಮಾವಾರ, ನಿಮಗ ಜ್ವರ ಬಂದಾಗ ಬೀಜ ನಾನ ನೆನೀಲಿಕ್ಕೆ ಹಾಕಿದ್ದೆ. ನೀವು ನೆನೀ ಹಾಕು ಅಂದ್ರಿ, ಎಷ್ಟು ದಿನ ಅಂತ ಹೇಳಿರಲಿಲ್ಲ. ಲಗೂನ ತೆಗದ್ಬಿಟ್ಟೆ."

ಅಜ್ಜ ಬೇರು ಬಿಟ್ಟು ಎದ್ದರು.

"ಕಾಸರಕದ ಬೀಜ," ಎಂದರು. ನೆನೆಸಿ, ಕುದಿಸಿ ವಿಷ ತೆಗೆಯದಿದ್ದರೆ ಜೀವ ತೆಗೆಯುವ ಬೀಜ. "ನಡೀರಿ, ಡಾಕ್ಟರ ಮುಂದ ನಾನ ಹೇಳ್ತೇನಿ."

ನಾವು ಬಂದಾಗ ಜೀಪು ಆಸ್ಪತ್ರೆಯ ಬಾಗಿಲಲ್ಲಿತ್ತು. ಇವರನ್ನು ಸ್ಟ್ರೆಚರ್ ಮೇಲೆ ಮಲಗಿಸಲು ಅಣಿಯಾಗಿದ್ದರು. ಅಜ್ಜನ ಮಾತು ಕೇಳುತ್ತಲೇ ಡಾಕ್ಟರು ಕೈ ಅಡ್ಡ ಹಿಡಿದರು.

"ಯಾರೂ ಮುಟ್ಟಬ್ಯಾಡ್ರಿ. ಎಂಜಿನ್ ಬಂದ್ ಮಾಡಂತ ಹೇಳ್ರಿ."

ಆಮೇಲೆ ಕತ್ತಲು ಕೋಣೆ. ಮತ್ತೆ ಮತ್ತೆ ಇಂಜೆಕ್ಷನ್. ನನ್ನ ಬಳೆ ಸದ್ದು ಮಾಡುತ್ತವೆಂದು ನರ್ಸ್ ತೆಗೆಸಿದಳು. ಬರಿಗೈಯಲ್ಲಿ ಕೂತು ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ; ಒಮ್ಮೆ ಅದು ನಿಂತಿತು, ಡಾಕ್ಟರು ಮುಖಕ್ಕೆ ರಬ್ಬರ್ ಚೀಲ ಹಿಡಿದು ಒತ್ತಿ ಉಸಿರು ಕೊಟ್ಟರು, ಮತ್ತೆ ಹೊರಟಿತು. ಸೆಳೆತಗಳು ನಿಧಾನವಾಗಿ ದೂರ ದೂರವಾದವು.

ಮರುದಿನ ಬೆಳಿಗ್ಗೆ ನೀರು ಕೇಳಿದರು.

ಹಿಂದಿನ ದಿನವೇ ವರಾಂಡದಲ್ಲಿ ಡಾಕ್ಟರು ಅಜ್ಜನನ್ನು ಒಂದೇ ಮಾತು ಕೇಳಿದ್ದರಂತೆ: "ಈ ಸಲದ ಗುಳಗಿ ಮತ್ತ ಯಾರಿಗೆ ಕೊಟ್ಟೀರಿ?" ಅಜ್ಜ ಮಲ್ಲಪ್ಪನನ್ನು ಕರೆದುಕೊಂಡು ಊರೂರು ತಿರುಗಿ ಗುಳಿಗೆ ವಾಪಸ್ ತಂದರು. ಮೂರು ತಲೆಮಾರು ಮುಚ್ಚಿಟ್ಟ ಹೆಸರನ್ನು ಪ್ರತಿ ಬಾಗಿಲಲ್ಲೂ ತಾವೇ ಹೇಳಿದರು. ಒಬ್ಬ ಮುದುಕಿಗೆ ಆಗಲೇ ದವಡೆ ಬಿಗಿಯತೊಡಗಿತ್ತು. ಅವಳನ್ನೂ ಕರೆತಂದರು, ಅವಳೂ ಉಳಿದಳು.

ಈಗ ಎರಡು ತಿಂಗಳಾಯಿತು. ಇವರು ಅರ್ಧ ದಿನ ಹೊಲಿಯುತ್ತಾರೆ. ಮೊಣಕಾಲು ನೋಯುತ್ತವೆ. ಆಸ್ಪತ್ರೆಯ ಗುಳಿಗೆ ಅಷ್ಟಾಗಿ ತಾಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಮೊನ್ನೆ ಅಜ್ಜ ನೋಡಲು ಬಂದಾಗ ಇವರೇ ಕೇಳಿದರು, "ಗುಳಗಿ ತಂದೀರೇನ್ರಿ?"

"ಇಲ್ಲೋ ತಮ್ಮಾ. ನಿನಗ ಇನ್ನ ಕೊಡಂಗಿಲ್ಲ. ಬ್ಯಾರೆಯವರಿಗೂ ಡಾಕ್ಟರು ನೋಡಿ ಹೂಂ ಅನ್ನೂತನ ಇಲ್ಲ." ನನ್ನ ಕಡೆ ತಿರುಗಿದರು. "ಕಂಪನಿಯಾವಗ ಈಗೂ ಹೇಳಂಗಿಲ್ಲವಾ. ಸೊಸಿಗೆ ಮಾತ್ರ ಪೂರಾ ಕಲಿಸಾಕತ್ತೇನಿ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟಿದ್ದಕ್ಕ ಹಿಂಗಾತು."

ಅವರ ಮೇಲೆ ಸಿಟ್ಟು ಪೂರ್ತಿ ಹೋಗಿದೆ ಎನ್ನಲಾರೆ. ಆದರೂ ಹೊರಡುವಾಗ ಕಾಲಿಗೆ ಬಿದ್ದೆ.

ಒಳಗೆ ಕೆಲಸ ಮಾಡುತ್ತಿದ್ದರೂ ಕಿವಿಯೆಲ್ಲ ಮಷಿನ್ ಕಡೆಗೇ ಇರುತ್ತದೆ. ಸದ್ದು ನಿಂತರೆ ಎದ್ದು ಹೋಗಿ ನೋಡುತ್ತೇನೆ. ಸೂಜಿಗೆ ದಾರ ಪೋಣಿಸುತ್ತಿರುತ್ತಾರೆ.